ಸೂರ್ಯಕಾಂತಿ ಹೋಯ್ತು, ಚುಕ್ಕಿ ಬಂತು: ಹಳೇ ಕಂಪ್ಯೂಟರ್ ಬ್ರ್ಯಾಂಡು ಹಳೇ ಲೋಗೋ ಇಟ್ಕೋಬೇಕಾ?

ಕಾಕ್ಕನಾಡಿನಲ್ಲಿರೋರಿಗೆ, ಕಳಕ್ಕೂಟಂನಲ್ಲಿರೋರಿಗೆ, ಬೆಂಗಳೂರು ಬಿಟ್ಟು ಇನ್ನೂ ಎಲ್ಲೆಲ್ಲಿ ಇದ್ದೀರೋ ಎಲ್ಲರಿಗೂ. ಈ ಸಲದ ಮಾತಿನ ಬರಹ ರೂಪ ಇದು. ಮಾತಾಡುವಾಗ ಅವಸರದಲ್ಲಿ ದಾಟಿಹೋದ ಕೆಲವು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಪ್ರಶ್ನೆ ಸರಳ. ಒಂದು ಕಾಲದಲ್ಲಿ ಕಂಪ್ಯೂಟರ್ ಮಾಡುತ್ತಿದ್ದ, ಎಲ್ಲರಿಗೂ ಗೊತ್ತಿದ್ದ ಒಂದು ಬ್ರ್ಯಾಂಡು ತನ್ನ ಹಳೇ ಲೋಗೋವನ್ನು ಉಳಿಸಿಕೊಳ್ಳಬೇಕಾ, ಬದಲಾಯಿಸಬೇಕಾ? ಇದಕ್ಕೆ ಉದಾಹರಣೆ ಹುಡುಕೋಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮಲ್ಲಿ ಎಷ್ಟೋ ಜನರ ಕೊರಳಲ್ಲಿ ನೇತಾಡುವ ಐಡಿ ಕಾರ್ಡಿನಲ್ಲೇ ಇದೆ. ವಿಪ್ರೋ.

2017ರ ಬೇಸಿಗೆ ನೆನಪು ಮಾಡ್ಕೊಳ್ಳಿ. ಏಪ್ರಿಲ್ 1ನೇ ತಾರೀಕು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಮತ್ತು ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ಎರಡೂ ಒಂದೇ ದಿನ ಎಸ್‌ಬಿಐ ಒಳಗೆ ಸೇರಿ ಮಾಯವಾದವು. ಅಂದ್ರೆ ನಮ್ಮೂರಿನ ಬ್ಯಾಂಕಿನ ಬೋರ್ಡೂ, ನಾವು ಬಂದು ಸೇರಿದ ಊರಿನ ಬ್ಯಾಂಕಿನ ಬೋರ್ಡೂ ಒಂದೇ ಬೆಳಗ್ಗೆ ಹೋದವು. ಅದಾಗಿ ತಿಂಗಳಿಗೆ, ಮೇ 2ಕ್ಕೆ, ವಿಪ್ರೋ ತನ್ನ ಬಣ್ಣಬಣ್ಣದ ಹೂವನ್ನು ತೆಗೆದು ಚುಕ್ಕಿಗಳ ವೃತ್ತ ಹಾಕಿತು. ಬ್ಯಾಂಕಿನ ವಿಷಯದಲ್ಲಿ ಎಲ್ಲರೂ ಬೇಜಾರು ಮಾಡ್ಕೊಂಡ್ರು, ಪತ್ರಿಕೆಗಳಲ್ಲೂ ಬಂತು. ಹೂವಿನ ವಿಷಯದಲ್ಲಿ ಕ್ಯಾಂಟೀನಿನ ಚರ್ಚೆ ಒಂದು ವಾರ ನಡೆದು ನಿಂತುಹೋಯ್ತು. ಆದರೆ ನನಗೆ ಆ ಹೂವಿನ ಪ್ರಶ್ನೆ ಅಷ್ಟು ಬೇಗ ಮುಗಿಯುವಂಥದ್ದು ಅನ್ನಿಸಲಿಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲು ಹೂವಿನ ಹಿಂದಿನ ಕಥೆ

ವಿಪ್ರೋ ಅನ್ನೋ ಹೆಸರಿನಲ್ಲಿ ಕಂಪ್ಯೂಟರಿನ ವಾಸನೆಯೇ ಇರಲಿಲ್ಲ. 1945ರಲ್ಲಿ ಮಹಾರಾಷ್ಟ್ರದ ಅಮಳನೇರ್‌ನಲ್ಲಿ ಶುರುವಾದಾಗ ಅದು ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್. ಮಾಡುತ್ತಿದ್ದದ್ದು ವನಸ್ಪತಿ. 1966ರಲ್ಲಿ ತಂದೆ ತೀರಿಕೊಂಡಾಗ 21 ವರ್ಷದ ಅಜೀಂ ಪ್ರೇಮ್‌ಜಿ ಕಂಪನಿಯನ್ನು ಕೈಗೆತ್ತಿಕೊಂಡರು. ಎಣ್ಣೆ, ಸೋಪು, ಹೀಗೆ ನಡೆಯುತ್ತಿತ್ತು.

ತಿರುವು ಬಂದದ್ದು ಮಂಗಳೂರಿನಲ್ಲಿ ಹುಟ್ಟಿದ ಒಬ್ಬರಿಂದ ಅಂದ್ರೆ ತಪ್ಪಿಲ್ಲ. 1977ರಲ್ಲಿ ಜನತಾ ಸರ್ಕಾರ ಬಂತು, ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾದರು. 1973ರ ಫೆರಾ ಕಾಯ್ದೆ ಪ್ರಕಾರ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕು ಅಂತ ಪಟ್ಟು ಹಿಡಿದರು. ಐಬಿಎಂ ಒಪ್ಪಲಿಲ್ಲ. 1978ರಲ್ಲಿ ದೇಶ ಬಿಟ್ಟು ಹೋಯ್ತು. ಅದರ ಯಂತ್ರಗಳನ್ನು ನೋಡಿಕೊಳ್ಳೋ ಕೆಲಸ ಸರ್ಕಾರಿ ಸಂಸ್ಥೆ ಸಿಎಂಸಿ ಪಾಲಿಗೆ ಬಂತು, ಹೊಸ ಯಂತ್ರ ಮಾಡೋ ಜಾಗ ಖಾಲಿ ಉಳಿಯಿತು. ಆ ಖಾಲಿ ಜಾಗಕ್ಕೆ ನುಗ್ಗಿದವರಲ್ಲಿ ವನಸ್ಪತಿ ಕಂಪನಿಯೂ ಒಂದು. 1980ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರ್‌ಗಳ ಒಂದು ಸಣ್ಣ ಗುಂಪು ಕಟ್ಟಿ, ಇಂಟೆಲ್‌ನ 8086 ಚಿಪ್ ಮೇಲೆ ಸೀರೀಸ್ 86 ಅನ್ನೋ ಮಿನಿಕಂಪ್ಯೂಟರ್ ತಂದರು. ಆಮೇಲೆ ಪಿಸಿ, ಪ್ರಿಂಟರ್, ಸರ್ವರ್. 90ರ ದಶಕದಲ್ಲಿ ಏಸರ್ ಜೊತೆ ಜಂಟಿ ಕಂಪನಿ, ದಶಕದ ಕೊನೆಗೆ ಸೂಪರ್‌ಜೀನಿಯಸ್ ಅನ್ನೋ ಡೆಸ್ಕ್‌ಟಾಪು.

ಹೂವು ಬಂದದ್ದೂ ಆ ದಶಕದ ಕೊನೆಯಲ್ಲೇ. ಶೊಂಬಿತ್ ಸೇನ್‌ಗುಪ್ತ ಅನ್ನೋ ಬ್ರ್ಯಾಂಡ್ ತಜ್ಞರು ಕಾಮನಬಿಲ್ಲಿನ ಬಣ್ಣದ ಎಸಳುಗಳಿರೋ ಒಂದು ಹೂವನ್ನು ಮಾಡಿಕೊಟ್ಟರು, ಜೊತೆಗೆ ‘ಅಪ್ಲೈಯಿಂಗ್ ಥಾಟ್’ ಅನ್ನೋ ಸಾಲು. ಜನ ಅದನ್ನ ಸೂರ್ಯಕಾಂತಿ ಅಂತಲೇ ಕರೆದರು. ಇಲ್ಲಿ ಒಂದು ವಿಶೇಷ ಗಮನಿಸಿ. ಒಂದೇ ಕಂಪನಿ ಸಂತೂರ್ ಸೋಪು ಮಾಡ್ತಿತ್ತು, ಬಲ್ಬು ಮಾಡ್ತಿತ್ತು, ಹೈಡ್ರಾಲಿಕ್ ಸಿಲಿಂಡರ್ ಮಾಡ್ತಿತ್ತು, ಅಮೆರಿಕದ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೀತಿತ್ತು. ಇವೆಲ್ಲವನ್ನೂ ಕಟ್ಟಿ ಹಿಡಿಯೋ ಒಂದು ಗುರುತು ಬೇಕಿತ್ತು. ಚಿಪ್ಪಿನ ಚಿತ್ರ ಹಾಕಿದ್ರೆ ಸೋಪಿಗೆ ಹೊಂದಲ್ಲ. ಹೂವು ಎರಡಕ್ಕೂ ಒಪ್ಪುತ್ತೆ. ಬಚ್ಚಲುಮನೆಯಲ್ಲೂ ಸರ್ವರ್ ರೂಮಿನಲ್ಲೂ ಒಂದೇ ಹೂವು. ನನ್ನ ಪ್ರಕಾರ ಆ ಲೋಗೋದ ಜಾಣ್ಮೆ ಇದ್ದದ್ದೇ ಅಲ್ಲಿ. ನೋಡೋಕೆ ಅದು ಅಂಥಾ ಚೆಂದ ಏನೂ ಇರಲಿಲ್ಲ, ಸೂಟು ಹಾಕ್ಕೊಂಡ ಕಂಪನಿಗೆ ಮಕ್ಕಳ ಶಾಲೆಯ ಬ್ಯಾಡ್ಜು ಸಿಕ್ಕಿಸಿದ ಹಾಗೆ ಕಾಣ್ತಿತ್ತು. ಆದ್ರೆ ಸಾವಿರ ಲೋಗೋ ನಡುವೆ ಥಟ್ಟನೆ ಸಿಗ್ತಿತ್ತು.

ಎಂಟೆಕ್ ಓದುವಾಗ ನಮ್ಮ ಲ್ಯಾಬಿನಲ್ಲಿ ವಿಪ್ರೋ ಡೆಸ್ಕ್‌ಟಾಪುಗಳ ಒಂದು ಸಾಲೇ ಇತ್ತು. ಕ್ಯಾಬಿನೆಟ್ಟಿನ ಮುಂದೆ ಆ ಹೂವಿನ ಸ್ಟಿಕ್ಕರ್, ಅರ್ಧ ಕಿತ್ತುಬಂದದ್ದು. ಈಗ ಕೆಲಸಕ್ಕೆ ಸೇರೋ ಹುಡುಗರಿಗೆ ವಿಪ್ರೋ ಕಂಪ್ಯೂಟರ್ ಮಾಡ್ತಿತ್ತು ಅಂದ್ರೆ ‘ಹೌದಾ ಅಣ್ಣಾ?’ ಅಂತಾರೆ. 2013ರಲ್ಲಿ ಕಂಪನಿ ತನ್ನ ಹೆಸರಿನ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್, ಸರ್ವರ್ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ಸೋಪು, ಬಲ್ಬು, ಹೈಡ್ರಾಲಿಕ್ಸ್ ವ್ಯವಹಾರವನ್ನೆಲ್ಲ ಬೇರ್ಪಡಿಸಿ ವಿಪ್ರೋ ಎಂಟರ್‌ಪ್ರೈಸಸ್ ಅಂತ ಬೇರೆ ಕಂಪನಿ ಮಾಡಿದರು. ಅಂದ್ರೆ 2017ಕ್ಕೆ ಬರುವಾಗ ಆ ಹೂವಿಗೆ ಇದ್ದ ಎರಡೂ ಕಾರಣ ಹೋಗಿದ್ದವು. ಸೋಪೂ ಚಿಪ್ಪೂ ಒಂದೇ ಸೂರಿನಡಿ ಇರಲಿಲ್ಲ. ಕೈಯಲ್ಲಿ ಹಿಡಿದು ನೋಡೋ ಕಂಪ್ಯೂಟರೂ ಇರಲಿಲ್ಲ.

ಲೋಗೋ ಅಂದ್ರೆ ಪಾಯಿಂಟರು

ಇದನ್ನ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲೋಗೋ ಒಂದು ಪಾಯಿಂಟರ್. ಅದರಲ್ಲೇ ಬೆಲೆ ಏನೂ ಇಲ್ಲ. ಅದು ತೋರಿಸೋ ಜಾಗದಲ್ಲಿ ಏನಿದೆ ಅನ್ನೋದರಲ್ಲಿ ಬೆಲೆ. ನೀವು ಅಂಗಡಿಗೆ ಹೋಗಿ ಸೇಬಿನ ಗುರುತು ನೋಡಿದಾಗ ನಿಮ್ಮ ತಲೆ ಹಣ್ಣಿನ ಬಗ್ಗೆ ಯೋಚನೆ ಮಾಡಲ್ಲ, ನೇರವಾಗಿ ಹಳೇ ಅನುಭವಕ್ಕೆ ಹೋಗುತ್ತೆ. ಚೆನ್ನಾಗಿ ನಡೆದಿತ್ತಾ, ಸರ್ವೀಸ್ ಸೆಂಟರಿನಲ್ಲಿ ಹೇಗೆ ಮಾತಾಡಿಸಿದ್ರು, ಪಕ್ಕದ ಮನೆಯವರು ಏನಂದಿದ್ರು.

ಹಾಗಾಗಿ ಲೋಗೋ ಬದಲಾಯಿಸೋದು ಡಿಎನ್‌ಎಸ್ ಬದಲಾಯಿಸಿದ ಹಾಗೆ. ಸರ್ವರ್ ಕಡೆ ಒಂದು ಸಾಲು ತಿದ್ದಿದ್ರೆ ಮುಗೀತು. ಆದರೆ ಲೋಕದಲ್ಲಿರೋ ಕೋಟ್ಯಂತರ ತಲೆಗಳಲ್ಲಿ ಹಳೇ ದಾಖಲೆ ಕ್ಯಾಶ್ ಆಗಿ ಕೂತಿರುತ್ತೆ. ಅದು ಖಾಲಿಯಾಗೋಕೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ಎರಡೂ ಕಡೆ ಖರ್ಚು. ಬೋರ್ಡು, ಲೆಟರ್‌ಹೆಡ್ಡು, ಐಡಿ ಕಾರ್ಡು, ಬಸ್ಸಿನ ಮೇಲಿನ ಪೇಂಟು ಇವೆಲ್ಲ ಲೆಕ್ಕಕ್ಕೆ ಸಿಗೋ ಖರ್ಚು. ಗುರುತು ಸಿಗದೆ ಮುಂದೆ ಹೋದ ಗಿರಾಕಿ ಲೆಕ್ಕಕ್ಕೆ ಸಿಗದ ಖರ್ಚು.

ಬದಲಾವಣೆ ಬೇಕು ಅನ್ನೋರು ಸಾಮಾನ್ಯವಾಗಿ ಕೊಡೋ ತಾಂತ್ರಿಕ ಕಾರಣ ಸಣ್ಣ ಪರದೆಯದ್ದು. ಬ್ರೌಸರ್ ಟ್ಯಾಬಿನಲ್ಲಿ ಬರೋ ಚಿಕ್ಕ ಚಿತ್ರಕ್ಕೆ ಅಗಲ 16 ಪಿಕ್ಸೆಲ್, ಎತ್ತರ 16 ಪಿಕ್ಸೆಲ್. ಒಟ್ಟು 256 ಚೌಕ. ಅದರೊಳಗೆ ಬಣ್ಣ ಬಣ್ಣದ ಎಸಳು ತುರುಕಿದ್ರೆ ಹೋಳಿ ಹಬ್ಬದ ಮಾರನೇ ದಿನದ ಅಂಗಿ ಥರ ಕಾಣುತ್ತೆ. ಬಟ್ಟೆ ಮೇಲೆ ಕಸೂತಿ ಹಾಕಿಸಿದ್ರೆ ಪ್ರತಿ ಬಣ್ಣಕ್ಕೂ ಬೇರೆ ದಾರ. ಪ್ಲಾಸ್ಟಿಕ್ ಅಚ್ಚಿನಲ್ಲಿ ಉಬ್ಬಾಗಿ ತೆಗೆಯೋಕೆ ಬಣ್ಣವೇ ಇಲ್ಲ, ಬರೀ ಗೆರೆ. ಇದೆಲ್ಲ ನಿಜವೇ.

ಆದರೆ ವಿಪ್ರೋ ವಿಷಯದಲ್ಲಿ ಈ ಕಾರಣ ನಾನು ಒಪ್ಪಲ್ಲ. ಹೊಸ ಗುರುತು ನೋಡಿ: ಮಧ್ಯದಲ್ಲಿ ಸಣ್ಣಕ್ಷರದಲ್ಲಿ ಹೆಸರು, ಸುತ್ತ ಸಾಲು ಸಾಲಾಗಿ ಬೇರೆ ಬೇರೆ ಬಣ್ಣದ ಚುಕ್ಕಿಗಳು. 256 ಚೌಕದಲ್ಲಿ ಹೂವಿಗಿಂತ ಇದು ಇನ್ನೂ ಕಷ್ಟ. ಹಬ್ಬದ ದಿನ ಬಾಗಿಲಲ್ಲಿ ಅಮ್ಮ ಚುಕ್ಕಿ ಇಟ್ಟು ಇನ್ನೂ ಎಳೆ ಎಳೆಯದ ರಂಗೋಲಿ ಥರ ಇದೆ ಅಂತ ನನ್ನ ಹೆಂಡತಿ ಅಂದಳು, ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ಕಂಪನಿ ಹೇಳಿದ ಅರ್ಥವೂ ಹತ್ತಿರ ಹತ್ತಿರ ಅದೇ: ಗಿರಾಕಿಗಾಗಿ ಚುಕ್ಕಿಗಳನ್ನು ಜೋಡಿಸಿ ಕೊಡ್ತೀವಿ. ಅಂದ್ರೆ ಕಾರಣ ಪಿಕ್ಸೆಲ್ ಅಲ್ಲ, ವ್ಯಾಪಾರ. ವಸ್ತು ಮಾರೋ ಕಂಪನಿಗೆ ವಸ್ತುವಿನ ಮೇಲೆ ಅಂಟಿಸೋ ಗುರುತು ಬೇಕು. ಸೇವೆ ಮಾರೋ ಕಂಪನಿಗೆ ಪವರ್‌ಪಾಯಿಂಟಿನ ಮೊದಲ ಸ್ಲೈಡಿನಲ್ಲಿ ಚೆನ್ನಾಗಿ ಕಾಣೋ ಗುರುತು ಸಾಕು.

ಹೊರಗಿನವರು ಏನು ಮಾಡಿದರು

ಆ್ಯಪಲ್ ಕಥೆ ಬಹಳ ಜನಕ್ಕೆ ಗೊತ್ತು, ಬೇಗ ಹೇಳಿ ಮುಗಿಸ್ತೀನಿ. 1977ರಲ್ಲಿ ರಾಬ್ ಜಾನಾಫ್ ಆರು ಬಣ್ಣದ ಪಟ್ಟಿಯ ಸೇಬು ಮಾಡಿದರು. ಆಗ ಬಂದ ಆ್ಯಪಲ್ 2 ಪರದೆ ಮೇಲೆ ಬಣ್ಣ ತೋರಿಸುತ್ತಿತ್ತು, ಹಾಗಾಗಿ ಬಣ್ಣ ಜಂಬಕ್ಕಲ್ಲ, ಜಾಹೀರಾತಿಗೆ. ಒಂದು ಕಚ್ಚು ಇಟ್ಟದ್ದು ಚೆರ್ರಿ ಹಣ್ಣು ಅಂತ ಯಾರೂ ತಿಳೀದಿರಲಿ ಅಂತ. 1998ರಲ್ಲಿ ಬಣ್ಣ ತೆಗೆದರು. ಆಕಾರ ಮುಟ್ಟಲಿಲ್ಲ. ಪರದೆಯಲ್ಲಿ ಬಣ್ಣ ಬರೋದು ಯಾರಿಗೂ ವಿಶೇಷ ಅಲ್ಲ ಅನ್ನೋ ಕಾಲ ಬಂದಾಗ ಬಣ್ಣ ಹೋಯ್ತು, ಅಷ್ಟೇ. ಅರ್ಧ ಉಳಿಸಿ ಅರ್ಧ ಬಿಡೋದು ಅಂದ್ರೆ ಇದು.

ಐಬಿಎಂ ಇನ್ನೂ ಹಟಮಾರಿ. ಪಾಲ್ ರ‍್ಯಾಂಡ್ 1956ರಲ್ಲಿ ಗಟ್ಟಿ ಅಕ್ಷರಗಳನ್ನು ಮಾಡಿಕೊಟ್ಟರು, 1972ರಲ್ಲಿ ಅದೇ ಅಕ್ಷರಗಳನ್ನು ಎಂಟು ಅಡ್ಡ ಪಟ್ಟಿಗಳಾಗಿ ಸೀಳಿದರು. ಐ ಸಣ್ಣದು, ಬಿ ಅದಕ್ಕಿಂತ ಅಗಲ, ಎಂ ಇನ್ನೂ ಅಗಲ. ಮೂರೂ ಒಂದೊಂದು ಕಡೆಗೆ ಎಳೀತಿದ್ದವು. ಅಡ್ಡ ಗೆರೆಗಳು ಮೂರನ್ನೂ ಹೊಲಿದು ಒಂದು ಮಾಡಿದವು. ಆಮೇಲೆ ಐವತ್ತು ವರ್ಷದ ಮೇಲಾಯ್ತು, ಇನ್ನೂ ಅದೇ. ಅಂದ್ರೆ 1978ರಲ್ಲಿ ಭಾರತ ಬಿಟ್ಟು ಹೋಗುವಾಗ ಇದ್ದ ಗುರುತನ್ನೇ ಇಟ್ಟುಕೊಂಡು 1992ರಲ್ಲಿ ಟಾಟಾ ಜೊತೆ ಸೇರಿ ಬೆಂಗಳೂರಿಗೆ ವಾಪಸ್ ಬಂದರು, ಈಗ ಕೊಚ್ಚಿಯಲ್ಲೂ ಸಾಫ್ಟ್‌ವೇರ್ ಲ್ಯಾಬ್ ತೆರೆದಿದ್ದಾರೆ. ಅವರನ್ನು ಕಳಿಸಿದ್ದರಿಂದ ಹುಟ್ಟಿದ ವ್ಯಾಪಾರ ಲೋಗೋ ಬದಲಾಯಿಸಿತು. ಹೋದವರು ಅದೇ ಪಟ್ಟಿ ಇಟ್ಟುಕೊಂಡು ಬಂದು ಕೊಚ್ಚಿಯಲ್ಲಿ ಕೂತಿದ್ದಾರೆ. ನಗು ಬರುತ್ತೆ ನನಗೆ.

‘ಐಬಿಎಂ ಕೂಡ ಪಿಸಿ ಬಿಟ್ಟಿತಲ್ಲ, ಆದ್ರೂ ಲೋಗೋ ಇಟ್ಕೊಂಡಿದೆಯಲ್ಲ’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2004ರ ಡಿಸೆಂಬರ್‌ನಲ್ಲಿ ಪಿಸಿ ವ್ಯವಹಾರವನ್ನು ಲೆನೊವೊಗೆ ಮಾರೋದು ಘೋಷಣೆಯಾಯ್ತು. ಐಬಿಎಂ ಗುರುತನ್ನು ಐದು ವರ್ಷ ಬಳಸೋಕೆ ಲೆನೊವೊಗೆ ಅನುಮತಿ ಇತ್ತು. ಅವಧಿ ಮುಗಿಯೋ ಮುಂಚೆಯೇ ಅವರು ಅದನ್ನ ಬಿಟ್ಟರು. ಆದರೆ ಥಿಂಕ್‌ಪ್ಯಾಡ್ ಅನ್ನೋ ಹೆಸರು, ಆ ಕಪ್ಪು ಡಬ್ಬಿ, ಕೀಬೋರ್ಡ್ ಮಧ್ಯದ ಕೆಂಪು ಗುಂಡಿ ಇವನ್ನು ಮುಟ್ಟಲಿಲ್ಲ. ಅವು ಮುಟ್ಟೋಕೆ ಸಿಗೋ ಗುರುತುಗಳು. ನಮ್ಮಲ್ಲಿ ಎಷ್ಟೋ ಜನ ಇವತ್ತಿಗೂ ಅದೇ ಕೆಂಪು ಗುಂಡಿ ಒತ್ತಿ ಸಂಬಳ ತಗೋತಿದ್ದೀವಿ. ಐಬಿಎಂ ಕಡೆ ನೋಡಿದ್ರೆ, ಅವರಿಗೆ ಪಿಸಿ ಒಂದು ಮಧ್ಯಂತರ ಅಧ್ಯಾಯ. ಮೇನ್‌ಫ್ರೇಮ್ ಮೊದಲೂ ಇತ್ತು, ಈಗಲೂ ಇದೆ. ಪಾಯಿಂಟರ್ ತೋರಿಸೋ ಜಾಗದಲ್ಲಿ ಇನ್ನೂ ಯಂತ್ರ ಇದೆ. ಹಾಗಾಗಿ ಅದು ಸುಳ್ಳು ಹೇಳ್ತಿಲ್ಲ.

ಸುಳ್ಳು ಹೇಳೋ ಪಾಯಿಂಟರ್ ಬೇಕಂದ್ರೆ ಕಮೊಡೋರ್ ನೋಡಬೇಕು. 1982ರ ಕಮೊಡೋರ್ 64 ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಮನೆ ಕಂಪ್ಯೂಟರ್ ಮಾದರಿ ಅಂತ ಹೆಸರಾದದ್ದು. 1994ರಲ್ಲಿ ಕಂಪನಿ ದಿವಾಳಿ. ಯಂತ್ರ ಸತ್ತಿತು, ಗುರುತು ಸಾಯಲಿಲ್ಲ. ಜರ್ಮನಿಯ ಎಸ್ಕಾಮ್ ಕೊಂಡಿತು, ಅದೂ ಮುಳುಗಿತು. ಹಾಲೆಂಡಿನ ಟ್ಯೂಲಿಪ್ ಕೊಂಡಿತು. ಹೀಗೆ ಕೈ ಬದಲಾಗ್ತಾ ಆ ನೀಲಿ ಸಿ ಅಕ್ಷರ ಸಂಬಂಧವಿಲ್ಲದ ಸಾಮಾನುಗಳ ಮೇಲೆಲ್ಲ ಕೂತಿತು. 2015ರಲ್ಲಿ ಒಂದು ಆಂಡ್ರಾಯ್ಡ್ ಫೋನಿನ ಮೇಲೂ ಬಂತು. ಹಳೇ ಅಭಿಮಾನಿಗಳು ಕೊಳ್ಳಲಿಲ್ಲ, ಹೊಸಬರಿಗೆ ಗುರುತೇ ಗೊತ್ತಿಲ್ಲ. ಕೊನೆಗೆ 2025ರಲ್ಲಿ ಕ್ರಿಶ್ಚಿಯನ್ ಸಿಂಪ್ಸನ್ ಅನ್ನೋ ಯೂಟ್ಯೂಬರ್ ಮತ್ತು ಅವರ ಜೊತೆಗಾರರು ಬ್ರ್ಯಾಂಡನ್ನು ಕೊಂಡು, ಅದೇ ಲೋಗೋ ಹಾಕಿ, ಎಫ್‌ಪಿಜಿಎ ಚಿಪ್ ಮೇಲೆ ಹಳೇ ಯಂತ್ರವನ್ನೇ ಮತ್ತೆ ಕಟ್ಟಿ ಮಾರೋಕೆ ಹೊರಟರು. ಹಳೇ ಕಾರ್ಟ್ರಿಡ್ಜ್ ಹಾಕಿದ್ರೆ ಓಡೋ ಯಂತ್ರ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಗುರುತಿನ ಕೆಳಗೆ ಆ ಗುರುತಿಗೆ ತಕ್ಕ ವಸ್ತು ಬಂತು ಅಂತ ನನ್ನ ಅಭಿಪ್ರಾಯ. ಆ ಫೋನಿನ ಕಾಲದಲ್ಲಿ ಹಳೇ ಲೋಗೋ ಇಟ್ಟುಕೊಂಡದ್ದು ಮೋಸದ ಹತ್ತಿರ ಹತ್ತಿರ, ಈಗ ಇಟ್ಟುಕೊಂಡದ್ದು ಸರಿ. ಲೋಗೋ ಒಂದೇ, ಉತ್ತರ ಎರಡು.

ಗುರುತಿನ ಮೇಲೆ ಹಕ್ಕು ಯಾರದ್ದು

ಇಲ್ಲಿ ಸ್ವಲ್ಪ ಕಾನೂನು. ನಮ್ಮ ದೇಶದ ಟ್ರೇಡ್‌ಮಾರ್ಕ್ ಕಾಯ್ದೆ 1999ರದ್ದು. ನೋಂದಣಿ ಮಾಡಿಸಿದ್ರೆ ಹತ್ತು ವರ್ಷ, ಆಮೇಲೆ ಹತ್ತತ್ತು ವರ್ಷಕ್ಕೆ ನವೀಕರಿಸ್ತಾ ಹೋಗಬಹುದು. ಆದರೆ 47ನೇ ಕಲಂ ಒಂದಿದೆ. ಐದು ವರ್ಷ ಮೇಲ್ಪಟ್ಟು ಗುರುತನ್ನು ಬಳಸದೇ ಸುಮ್ಮನೆ ಇಟ್ಟುಕೊಂಡಿದ್ರೆ, ಅದನ್ನ ದಾಖಲೆಯಿಂದ ತೆಗೆಸಿ ಅಂತ ಬೇರೆಯವರು ಅರ್ಜಿ ಹಾಕಬಹುದು. ಅಂದ್ರೆ ಹಳೇ ಲೋಗೋವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕೋಕೆ ಆಗಲ್ಲ. ಎಲ್ಲಾದ್ರೂ ಒಂದು ಕಡೆ ನಿಜವಾಗಿ ಬಳಸ್ತಾ ಇರಬೇಕು. ದೊಡ್ಡ ಕಂಪನಿಗಳು ಆಗಾಗ ಹಳೇ ಗುರುತಿನ ‘ವಿಶೇಷ ಆವೃತ್ತಿ’ ತರೋದ್ರಲ್ಲಿ ಪ್ರೀತಿಯ ಜೊತೆ ಈ ಲೆಕ್ಕಾಚಾರವೂ ಇರುತ್ತೆ.

ನಮ್ಮ ಮೈಸೂರಿನ ಯೆಜ್ಡಿ ಇದಕ್ಕೆ ಒಳ್ಳೇ ಪಾಠ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರ ಜನವರಿಯಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಯೆಜ್ಡಿ ಹೆಸರಲ್ಲಿ ಹೊಸ ಬೈಕು ತಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಆ ಹೆಸರು ಮುಚ್ಚಿಹೋದ ಐಡಿಯಲ್ ಜಾವಾದ ಆಸ್ತಿ ಅಂತ ಹೇಳಿತು. ಅದರ ಮೇಲೆ ಅಪೀಲೂ ಹೋಯ್ತು. ಯಂತ್ರಗಳು ಗುಜರಿಗೆ ಹೋಗಿ ಕಾಲು ಶತಮಾನ ಕಳೆದ ಮೇಲೂ ಹೆಸರಿಗೆ ಜಗಳ ಆಗುತ್ತೆ ಅಂದ್ರೆ, ಆ ಹೆಸರಿನ ಬೆಲೆ ಎಷ್ಟಿರಬೇಕು ಯೋಚಿಸಿ.

ಇನ್ನೊಂದು ಜಗಳ ನಮಗೂ ಮಲಯಾಳಿಗಳಿಗೂ ಮಧ್ಯದ್ದು. ಹಬ್ಬಕ್ಕೆ ಊರಿಗೆ ಹೋಗೋವಾಗ ನಿಲ್ದಾಣದಲ್ಲಿ ಎರಡು ಕೆಎಸ್‌ಆರ್‌ಟಿಸಿ ಬಸ್ಸು ಅಕ್ಕಪಕ್ಕ ನಿಂತಿರೋದು ನೋಡಿರ್ತೀರಿ. ಕೇರಳದವರು 1965ರಿಂದ ಆ ಹೆಸರಿನವರು. ನಮ್ಮದು ರಾಜ್ಯದ ಹೆಸರು ಮೈಸೂರಿನಿಂದ ಕರ್ನಾಟಕ ಆದ 1973ರಲ್ಲಿ ಆ ಹೆಸರಿಗೆ ಬಂತು. ಆದರೆ 2013ರಲ್ಲಿ ಗಂಡಭೇರುಂಡದ ಚಿತ್ರದ ಸಮೇತ ಮೊದಲು ನೋಂದಣಿ ಮಾಡಿಸಿಕೊಂಡವರು ನಾವು. ವರ್ಷಗಟ್ಟಲೆ ವ್ಯಾಜ್ಯ ನಡೆದು, 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ತಳ್ಳಿಹಾಕಿತು. ಈ ವಿಷಯ ನಮ್ಮ ಟೀಮಿನಲ್ಲಿ ಯಾರಾದ್ರೂ ಎತ್ತಿದ್ರೆ ಸ್ಟ್ಯಾಂಡ್‌ಅಪ್ ಮೀಟಿಂಗು ಹದಿನೈದು ನಿಮಿಷಕ್ಕೆ ಮುಗಿಯಲ್ಲ. ನಾನು ಇದನ್ನ ಇಲ್ಲಿ ತಂದದ್ದು ಯಾಕೆ ಅಂದ್ರೆ, ಐದು ಅಕ್ಷರ ಎರಡೂ ಬಸ್ಸಿನ ಮೇಲೆ ಒಂದೇ ಇದ್ದರೂ ಜನ ಬಸ್ಸು ತಪ್ಪಿ ಹತ್ತಲ್ಲ. ಬಣ್ಣ, ಲಿಪಿ, ಗಂಡಭೇರುಂಡ ನೋಡಿ ಹತ್ತುತ್ತಾರೆ. ಹೆಸರಿಗಿಂತ ಚಿತ್ರ ಹೆಚ್ಚು ಕೆಲಸ ಮಾಡೋ ಸಂದರ್ಭ ಅದು.

ತಿರುವನಂತಪುರದ ಕೆಲ್ಟ್ರಾನ್

ಈಗ ನಾವಿರೋ ಊರಿನ ಕಥೆಗೆ ಬರೋಣ. ತಿರುವನಂತಪುರದ ವೆಳ್ಳಯಂಬಲಂ ಕಡೆ ಹೋದವರು ಕೆಲ್ಟ್ರಾನ್ ಹೌಸ್ ನೋಡಿರ್ತೀರಿ. ಕೆಲ್ಟ್ರಾನ್ 1973ರಲ್ಲಿ ಶುರುವಾದ ಕೇರಳ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ. ಕಟ್ಟಿದವರು ಕೆ.ಪಿ.ಪಿ. ನಂಬಿಯಾರ್, ಕಣ್ಣೂರು ಕಡೆಯವರು. ಮುಂದೆ ಬೆಂಗಳೂರಿನ ಐಟಿಐಗೂ ಅಧ್ಯಕ್ಷರಾಗಿದ್ದರು, ಅಂದ್ರೆ ನಮ್ಮ ದೂರವಾಣಿನಗರಕ್ಕೂ ಅವರ ಸಂಬಂಧ ಇದೆ. 1990ರಲ್ಲಿ ಟೆಕ್ನೋಪಾರ್ಕ್ ಆದಾಗಲೂ ಹಿಂದೆ ಇದ್ದವರು ಅವರೇ. ಕಳಕ್ಕೂಟಂನಲ್ಲಿ ಕೆಲಸ ಮಾಡೋ ನಾವೆಲ್ಲ ಒಂದು ರೀತಿಯಲ್ಲಿ ಅವರ ಋಣದಲ್ಲಿದ್ದೀವಿ.

ಎಂಬತ್ತರ ದಶಕದ ಮಲಯಾಳಿ ಮನೆಗಳಲ್ಲಿ ಕೆಲ್ಟ್ರಾನ್ ಟಿವಿ ಅಂದ್ರೆ ನಮ್ಮ ಕಡೆ ಎಚ್‌ಎಂಟಿ ವಾಚ್ ಇದ್ದ ಹಾಗೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಚೇಚಿ ಆ ಹೆಸರು ಹೇಳುವಾಗ ದನಿಯೇ ಬದಲಾಗುತ್ತೆ. ಹೀಗಿರುವಾಗ 2019ರಲ್ಲಿ ಕೇರಳ ತನ್ನದೇ ಲ್ಯಾಪ್‌ಟಾಪ್ ಮಾಡೋಕೆ ಹೊರಟಿತು. ಕೆಲ್ಟ್ರಾನ್, ಯುಎಸ್‌ಟಿ ಗ್ಲೋಬಲ್, ಕೆಎಸ್‌ಐಡಿಸಿ, ಆ್ಯಕ್ಸಲರಾನ್ ಸೇರಿದ ಕಂಪನಿ. ಟೆಕ್ನೋಪಾರ್ಕಿಗೆ ಹತ್ತಿರದ ಮಣ್‌ವಿಳದಲ್ಲಿ ಜೋಡಣೆ. ಇಷ್ಟು ಹಳೇ, ಇಷ್ಟು ಪ್ರೀತಿಯ ಹೆಸರು ಮನೆಯಲ್ಲೇ ಇತ್ತು. ಆದರೆ ಲ್ಯಾಪ್‌ಟಾಪಿನ ಬೆನ್ನ ಮೇಲೆ ಬಂದದ್ದು ಹೊಚ್ಚ ಹೊಸ ಹೆಸರು: ಕೊಕೊನಿಕ್ಸ್.

ಯಾಕೆ ಕೆಲ್ಟ್ರಾನ್ ಅಂತ ಇಡಲಿಲ್ಲ? ಪಾಲುದಾರರು ನಾಲ್ಕು ಜನ, ಕೆಲ್ಟ್ರಾನ್ ಪಾಲು ಅದರಲ್ಲಿ ಒಂದು ಭಾಗ ಮಾತ್ರ. ಒಬ್ಬರ ಹೆಸರನ್ನು ಎಲ್ಲರ ಸಾಮಾನಿಗೆ ಅಂಟಿಸೋದು ಲೆಕ್ಕದಲ್ಲಿ ಸುಲಭ ಅಲ್ಲ. ಅದನ್ನ ಒಪ್ಪೋಣ. ಇನ್ನೊಂದು ಕಡೆ ನೋಡಿ: ಕೋವಿಡ್ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪುಗಳ ಬಗ್ಗೆ ದೂರುಗಳು ಸುದ್ದಿಯಾದವು. ಬೆನ್ನ ಮೇಲೆ ಹಳೇ ಹೆಸರಿದ್ದಿದ್ರೆ ಆ ಪೆಟ್ಟು ಚೇಚಿಯ ನೆನಪಿನ ಟಿವಿಗೂ ಬೀಳ್ತಿತ್ತು. ಹೊಸ ಹೆಸರು ಒಂದು ಸ್ಯಾಂಡ್‌ಬಾಕ್ಸ್ ಥರ ಕೆಲಸ ಮಾಡಿತು. ಒಳಗೆ ಕ್ರ್ಯಾಶ್ ಆದ್ರೂ ಹೊರಗಿನ ಸಿಸ್ಟಮ್ ಉಳಿಯಿತು.

ಆದರೆ ಇದರ ಬೆಲೆಯೂ ಇದೆ. ಕೊಕೊನಿಕ್ಸ್ ಅನ್ನೋ ಹೆಸರು ಕೇಳಿದಾಗ ಯಾರ ತಲೆಯಲ್ಲೂ ಯಾವ ಜಾಗಕ್ಕೂ ಪಾಯಿಂಟರ್ ಹೋಗಲ್ಲ. ಡೆಲ್, ಎಚ್‌ಪಿ, ಲೆನೊವೊ ತುಂಬಿದ ಪೇಟೆಯಲ್ಲಿ ಮೊದಲ ಸಲ ಅಂಗಡಿಗೆ ಬಂದ ಗಿರಾಕಿ ತೆಂಗಿನೆಣ್ಣೆ ನೆನಪಿಸೋ ಹೆಸರಿನ ಲ್ಯಾಪ್‌ಟಾಪಿಗೆ ಮೂವತ್ತು ಸಾವಿರ ಕೊಡೋಕೆ ಕಾರಣ ಬೇಕು. ಹಳೇ ಹೆಸರು ಆ ಕಾರಣ ಆಗಬಹುದಿತ್ತು. ನಾನಾಗಿದ್ರೆ ಲ್ಯಾಪ್‌ಟಾಪಿಗೆ ಕೆಲ್ಟ್ರಾನ್ ಅಂತಲೇ ಹೆಸರಿಡ್ತಿದ್ದೆ, ಮೊದಲ ಎರಡು ವರ್ಷ ಸರ್ಕಾರಿ ಖರೀದಿಗೆ ಕೊಡದೆ, ಚೆನ್ನಾಗಿ ಪರೀಕ್ಷೆ ಮಾಡಿದ ಮೇಲೆ ಮಾತ್ರ. ಈಗ ನಮ್ಮ ಆಫೀಸಿನ ಮಲಯಾಳಿ ಹುಡುಗರಿಗೆ ಕೆಲ್ಟ್ರಾನ್ ಅಂದ್ರೆ 2023ರಲ್ಲಿ ರಸ್ತೆ ಬದಿ ಬಂದ 726 ಕ್ಯಾಮೆರಾ. ಹೆಲ್ಮೆಟ್ ಇಲ್ಲದಿದ್ರೆ ದಂಡ. ಅಪ್ಪಂದಿರಿಗೆ ಟಿವಿ, ಮಕ್ಕಳಿಗೆ ದಂಡದ ಚೀಟಿ. ಒಂದೇ ಹೆಸರು ತೋರಿಸೋ ಜಾಗ ಒಂದು ತಲೆಮಾರಿನಲ್ಲಿ ಹೇಗೆ ಬದಲಾಗುತ್ತೆ ನೋಡಿ.

ಹಾಗಾದ್ರೆ ಹೂವು ಇರಬೇಕಿತ್ತಾ?

ನನ್ನ ಉತ್ತರ: ವಿಪ್ರೋ ಕಂಪನಿ ಹೂವನ್ನು ಬಿಟ್ಟದ್ದು ಸರಿ. ಕಂಪ್ಯೂಟರ್ ಇಲ್ಲ, ಸೋಪು ಇಲ್ಲ, ಹೂವು ಇದ್ದು ಏನು ತೋರಿಸಬೇಕು? ಊರು ಬಿಟ್ಟುಹೋದವರ ಮನೆಗೆ ಹೆಸರಿನ ಫಲಕ ನೇತುಹಾಕಿಟ್ಟ ಹಾಗೆ ಆಗ್ತಿತ್ತು. ಚುಕ್ಕಿಗಳು ನನಗೆ ಇಷ್ಟ ಆಗಿಲ್ಲ, ಅದು ಬೇರೆ ಮಾತು. ಆದರೆ ಬದಲಾಯಿಸೋ ತೀರ್ಮಾನಕ್ಕೂ ಬದಲಾಗಿ ತಂದ ಚಿತ್ರಕ್ಕೂ ಬೇರೆ ಬೇರೆ ಅಂಕ ಕೊಡಬೇಕು. ಲೋಗೋ ಚರ್ಚೆಯಲ್ಲಿ ನಾವು ಯಾವಾಗಲೂ ಇವೆರಡನ್ನು ಕಲಸಿಬಿಡ್ತೀವಿ.

ನನಗೆ ಬೇಜಾರಿರೋದು ಬೇರೆ ಕಾರಣಕ್ಕೆ. ಹೂವು ಹೋಗುವಾಗ ಅದರ ಜೊತೆ ಒಂದು ಸಂಗತಿಯೂ ಹೋಯ್ತು: ನಮ್ಮ ರಾಜ್ಯದಲ್ಲಿ ಕಂಪ್ಯೂಟರ್ ವಿನ್ಯಾಸ ಮಾಡಿ, ಬೋರ್ಡು ಮಾಡಿ, ಡಬ್ಬಿಯಲ್ಲಿ ಹಾಕಿ ಮಾರಿದ ಒಂದು ಕಾಲ ಇತ್ತು ಅನ್ನೋದು. ಬೆಂಗಳೂರು ಅಂದ್ರೆ ಹೊರಗಿನವರ ಕೆಲಸ ಮಾಡಿಕೊಡೋ ಊರು ಅಂತ ನಮ್ಮ ಮಕ್ಕಳು ತಿಳ್ಕೊಂಡು ಬೆಳೀತಿದ್ದಾರೆ. ಇವತ್ತು ದೇಶದಲ್ಲೇ ಚಿಪ್ ಮಾಡ್ತೀವಿ, ಲ್ಯಾಪ್‌ಟಾಪ್ ಮಾಡ್ತೀವಿ ಅನ್ನೋ ಮಾತು ಕೇಳಿದಾಗೆಲ್ಲ ಇದೆಲ್ಲ ಮೊದಲ ಸಲ ಅನ್ನೋ ಹಾಗೆ ಮಾತಾಡ್ತಾರೆ. ಸೀರೀಸ್ 86 ಹೇಗಿತ್ತು ಅಂತ ನೋಡೋಕೆ ಒಬ್ಬ ಎಂಜಿನಿಯರಿಂಗ್ ಹುಡುಗ ಎಲ್ಲಿಗೆ ಹೋಗಬೇಕು? ಕಂಪನಿಯ ಎದೆ ಮೇಲೆ ಹಳೇ ಲೋಗೋ ಬೇಕಿಲ್ಲ. ಆ ಲೋಗೋ ಇರೋ ಯಂತ್ರ ಒಂದು ಕಡೆ ಕರೆಂಟ್ ಹಾಕಿದ್ರೆ ಓಡೋ ಸ್ಥಿತಿಯಲ್ಲಿ, ಸರ್ಕ್ಯೂಟ್ ಡ್ರಾಯಿಂಗ್ ಸಮೇತ ಇರಬೇಕು.

ನಿಮ್ಮ ಮನೆಯಲ್ಲಿ, ಅಪ್ಪನ ಹಳೇ ಆಫೀಸಿನಲ್ಲಿ, ಊರಿನ ಸೊಸೈಟಿಯ ಅಟ್ಟದ ಮೇಲೆ ಹೂವಿನ ಗುರುತಿನದ್ದೋ ಅದಕ್ಕೂ ಹಳೇದೋ ವಿಪ್ರೋ ಯಂತ್ರ ಇದ್ರೆ ಗುಜರಿಗೆ ಹಾಕೋ ಮುಂಚೆ ಫೋಟೋ ತೆಗೆದಿಡಿ. ಹಿಂದಿನ ಲೇಬಲ್ಲು, ಮಾಡೆಲ್ ನಂಬರು, ಒಳಗಿನ ಬೋರ್ಡು ಎಲ್ಲವೂ ಬರಲಿ. ಪ್ರಿಂಟರ್ ಸಿಗೋ ಸಾಧ್ಯತೆ ಹೆಚ್ಚು. ವಿಪ್ರೋ ಪ್ರಿಂಟರ್ ವಿಭಾಗ 2000ದಲ್ಲಿ ಬೇರೆ ಕಂಪನಿಯಾಗಿ ಹೊರಬಂತು, ವಿಪ್ರೋ ಇ-ಪೆರಿಫೆರಲ್ಸ್ ಅಂತ. ಆಮೇಲೆ ತಾಯಿ ಕಂಪನಿಯ ಹೆಸರು ಬಿಟ್ಟು ಮೊದಲಕ್ಷರಗಳನ್ನಷ್ಟೇ ಇಟ್ಟುಕೊಂಡು ವೆಪ್ ಆಯ್ತು. ಹೂವಿಲ್ಲ, ಚುಕ್ಕಿಯೂ ಇಲ್ಲ, ಮೂರು ಅಕ್ಷರ. ಊರಿಗೆ ಹೋದಾಗ ಯಾವುದಾದ್ರೂ ಹಳೇ ಕೌಂಟರಿನಲ್ಲಿ ಕರಕರ ಅಂತ ರಸೀದಿ ಬರುವಾಗ ಪ್ರಿಂಟರಿನ ಮುಂದುಗಡೆ ಏನು ಬರೆದಿದೆ ಅಂತ ಒಂದು ಸಲ ಬಗ್ಗಿ ನೋಡಿ.